ಯೇಲ್ ಎಂಬ ವೇಲ್ಸ್ ಮನೆತನದ ಹೆಸರು: ಹುಟ್ಟು ಮತ್ತು ಹರಹಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಿಲಿನ ಬೀಗದ ಮೇಲೆ, ಅಮೆರಿಕದ ವಿಶ್ವವಿದ್ಯಾಲಯವೊಂದರ ಪದವಿಪತ್ರದ ಮೇಲೆ, ಕೆನಡಾದ ಭೂಪಟದ ಮೇಲೆ ಕಾಣುವ 'ಯೇಲ್' ಎಂಬ ಹೆಸರು ಮೂಲತಃ ಈಶಾನ್ಯ ವೇಲ್ಸ್‌ನ ಒಂದು ಮಲೆಸೀಮೆಗೆ ಸೇರಿದ್ದು. ಜಗತ್ತಿಗೆಲ್ಲ ಪರಿಚಿತವಾದ ಈ ಹೆಸರನ್ನು ಅಡ್ಡಹೆಸರಾಗಿ ಹೊತ್ತವರು ವೇಲ್ಸ್‌ನಲ್ಲಿ ಎಂದೂ ಹೆಚ್ಚಿರಲಿಲ್ಲ. ಹೆಸರಿನ ಹುಟ್ಟು, ಅದು ನಡೆದ ದಾರಿ, ವಂಶಾವಳಿ ಹುಡುಕುವವರು ಎಡವುವ ಜಾಗಗಳು, ಇವುಗಳನ್ನು ಕುರಿತು ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಪ್ರಶ್ನೆ: ಯೇಲ್ ಎಂಬ ಹೆಸರು ಎಲ್ಲಿಂದ ಬಂತು?

ಇದು ಊರಿನಿಂದ ಬಂದ ಹೆಸರು. ಇನ್ನೂ ಖಚಿತವಾಗಿ ಹೇಳುವುದಾದರೆ ಸೀಮೆಯಿಂದ ಬಂದ ಹೆಸರು. ಮಧ್ಯಯುಗದ ವೇಲ್ಸ್‌ನಲ್ಲಿ ಪೊವಿಸ್ ಎಂಬ ರಾಜ್ಯವಿತ್ತು. ಅದರ ಉತ್ತರ ಭಾಗದಲ್ಲಿದ್ದ ಒಂದು ಆಡಳಿತ ಘಟಕಕ್ಕೆ ವೆಲ್ಷ್ ಭಾಷೆಯಲ್ಲಿ 'ಯಾಲ್' ಎಂದು ಹೆಸರು. ಕಾಡಿನ ನಡುವಿನ ತೆರವು, ಸಾಗುವಳಿಗೆ ಒದಗುವ ಬಯಲು ಎಂಬುದು ಆ ಮಾತಿನ ಅರ್ಥ. ಇಂಗ್ಲಿಷ್ ಬಲ್ಲ ಗುಮಾಸ್ತರು ಅದನ್ನು ತಮ್ಮ ಅಕ್ಷರಪದ್ಧತಿಗೆ ಒಗ್ಗಿಸಿ ಬರೆದದ್ದರಿಂದ ಇಂದಿನ ರೂಪ ನೆಲೆಗೊಂಡಿತು. ಕಸುಬಿನಿಂದಾಗಲಿ, ತಂದೆಯ ಹೆಸರಿನಿಂದಾಗಲಿ, ಮೈಬಣ್ಣದಿಂದಾಗಲಿ ಹುಟ್ಟಿದ ಹೆಸರು ಇದಲ್ಲ ಎಂಬುದನ್ನು ಆರಂಭದಲ್ಲೇ ಗಮನದಲ್ಲಿಟ್ಟುಕೊಂಡರೆ ಮುಂದಿನ ಹಲವು ಗೊಂದಲಗಳು ತಾವಾಗಿ ಕಳೆಯುತ್ತವೆ.

ಪ್ರಶ್ನೆ: ಈ ಯಾಲ್ ಸೀಮೆ ಈಗ ಎಲ್ಲಿದೆ?

ಪೂರ್ವಕ್ಕೆ ರೆಕ್ಸಮ್ ನಗರ, ಪಶ್ಚಿಮಕ್ಕೆ ರಿಥಿನ್ ಪಟ್ಟಣ, ದಕ್ಷಿಣಕ್ಕೆ ಲ್ಲಾಂಗೊಲೆನ್. ಈ ಮೂರರ ನಡುವಿನ ಎತ್ತರದ ಪ್ರದೇಶವೇ ಹಳೆಯ ಯಾಲ್. ಅಲುನ್ ನದಿಯ ಮೇಲ್ಭಾಗದ ಕಣಿವೆ, ಸುಣ್ಣಕಲ್ಲಿನ ಗುಡ್ಡಗಳು, ಕುರಿ ಮೇಯುವ ಬೋಳು ಬೆಟ್ಟಗಳು ಇಲ್ಲಿನ ನೋಟ. ಲ್ಲಾನರ್ಮನ್ ಅನ್ ಯಾಲ್, ಲ್ಲಾನ್‌ಡೆಗ್ಲಾ, ಬ್ರಿನೆಗ್ಲುಯಿಸ್ ಮುಂತಾದ ಊರುಗಳು ಈ ಸೀಮೆಗೆ ಸೇರಿದ್ದವು. ಮೊದಲನೆಯ ಊರಿನ ಹೆಸರಿನಲ್ಲಿ 'ಯಾಲ್‌ನಲ್ಲಿರುವ' ಎಂಬ ಭಾಗ ಇಂದಿಗೂ ಉಳಿದಿದೆ. ಇವೆಲ್ಲ ಈಗ ಡೆನ್ಬಿಶೈರ್ ಕೌಂಟಿಯಲ್ಲಿವೆ.

ಸೀಮೆಯ ರಾಜಕೀಯ ಚರಿತ್ರೆ ಹೆಸರಿನ ಚರಿತ್ರೆಗೂ ಬೇಕಾದದ್ದೇ ಆಗಿದೆ. 1149ರಲ್ಲಿ ಪಕ್ಕದ ರಾಜ್ಯವಾದ ಗ್ವಿನೆಡ್‌ನ ಅರಸ ಓವೈನ್ ಇಲ್ಲಿ ಮಣ್ಣಿನ ದಿಬ್ಬದ ಮೇಲೆ ಒಂದು ಕೋಟೆಯನ್ನು ಕಟ್ಟಿಸಿದ. 1157ರಲ್ಲಿ ಪೊವಿಸ್‌ನವರು ಅದನ್ನು ಸುಟ್ಟುಹಾಕಿದರು. ಟೊಮೆನ್ ಅ ರೊಡ್ವಿಡ್ ಎಂದು ಕರೆಯುವ ಆ ದಿಬ್ಬ ಲ್ಲಾನ್‌ಡೆಗ್ಲಾದ ಹತ್ತಿರ ಈಗಲೂ ಇದೆ. 1201ರಲ್ಲಿ ಸ್ಥಾಪನೆಯಾದ ವ್ಯಾಲೆ ಕ್ರೂಸಿಸ್ ಎಂಬ ಮಠವೂ ಇದೇ ಸೀಮೆಯ ದಕ್ಷಿಣ ಅಂಚಿನಲ್ಲಿದೆ. 1282ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವೇಲ್ಸನ್ನು ಗೆಲ್ಲುವ ಯುದ್ಧದ ನಡುವೆಯೇ ಈ ಪ್ರದೇಶವನ್ನು ಪಕ್ಕದ ತಗ್ಗು ಸೀಮೆಯೊಂದಿಗೆ ಸೇರಿಸಿ ಸರ್ರಿಯ ಅರ್ಲ್ ಜಾನ್ ಡಿ ವಾರೆನ್‌ಗೆ ಉಂಬಳಿಯಾಗಿ ಕೊಟ್ಟ. ಅಲ್ಲಿಂದ ಮುಂದೆ ದಾಖಲೆಗಳಲ್ಲಿ 'ಬ್ರಾಮ್‌ಫೀಲ್ಡ್ ಮತ್ತು ಯೇಲ್' ಎಂಬ ಜೋಡಿ ಹೆಸರು ನಿರಂತರವಾಗಿ ಬರುತ್ತದೆ. ಆ ಉಂಬಳಿ ಕೈಯಿಂದ ಕೈಗೆ ಹೋಗಿ, ಅದನ್ನು ಹೊಂದಿದ್ದ ಸರ್ ವಿಲಿಯಂ ಸ್ಟ್ಯಾನ್ಲಿಗೆ 1495ರಲ್ಲಿ ಮರಣದಂಡನೆಯಾದ ಮೇಲೆ ಅರಮನೆಯ ವಶಕ್ಕೆ ಬಂತು. 1536ರ ಕಾಯಿದೆ ಇಡೀ ಉಂಬಳಿಯನ್ನು ಹೊಸದಾಗಿ ರಚಿಸಿದ ಡೆನ್ಬಿಶೈರ್‌ಗೆ ಸೇರಿಸಿತು. ಹೀಗಾಗಿ ಹಳೆಯ ಕಾಗದಪತ್ರಗಳಲ್ಲಿ 'ಯೇಲ್' ಎಂಬ ಮಾತು ಕಂಡಾಗ ಅದು ವ್ಯಕ್ತಿಯ ಹೆಸರೋ ಸೀಮೆಯ ಹೆಸರೋ ಎಂದು ಮೊದಲು ನೋಡಬೇಕು. 1500ಕ್ಕಿಂತ ಹಿಂದಿನದಾದರೆ ಅದು ಹೆಚ್ಚಾಗಿ ಸೀಮೆಯದೇ ಆಗಿರುತ್ತದೆ.

ಪ್ರಶ್ನೆ: ಸರಿಯಾದ ಉಚ್ಚಾರ ಯಾವುದು, ಯಾಲ್ ಎಂದೋ ಯೇಲ್ ಎಂದೋ?

ಸೀಮೆಯನ್ನು ಹೇಳುವಾಗ ಯಾಲ್, ಮನೆತನವನ್ನು ಹೇಳುವಾಗ ಯೇಲ್. ಎರಡೂ ಅವುಗಳ ಜಾಗದಲ್ಲಿ ಸರಿ.

ಪ್ರಶ್ನೆ: ವೇಲ್ಸ್‌ನಲ್ಲಿ ಎಲ್ಲಿ ನೋಡಿದರೂ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್ ಇರುವಾಗ ಯೇಲ್ ಎಂಬುದು ಅಪರೂಪವಾದದ್ದೇಕೆ?

ಇದಕ್ಕೆ ಉತ್ತರ ವೇಲ್ಸ್‌ನ ಹಳೆಯ ಹೆಸರಿಡುವ ಪದ್ಧತಿಯಲ್ಲಿದೆ. ಅಲ್ಲಿ ಮನೆತನಕ್ಕೆ ಕಾಯಂ ಹೆಸರು ಇರಲಿಲ್ಲ. ಮಗನ ಹೆಸರಾದ ಮೇಲೆ 'ಆಪ್' ಅಥವಾ 'ಆಬ್' (ಅಂದರೆ 'ಇಂಥವರ ಮಗ') ಸೇರಿಸಿ ತಂದೆಯ ಹೆಸರು, ಅದಾದ ಮೇಲೆ ಅಜ್ಜನ ಹೆಸರು, ಬೇಕಾದರೆ ಮುತ್ತಜ್ಜನ ಹೆಸರು ಹೇಳುತ್ತಿದ್ದರು. ಹೆಣ್ಣುಮಕ್ಕಳಿಗೆ 'ವೆರ್ಕ್' ಎಂದು ಸೇರಿಸುತ್ತಿದ್ದರು. ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವ ನಮ್ಮ ಹಳೆ ಮೈಸೂರಿನವರಿಗೆ ತಲೆಮಾರಿಗೊಮ್ಮೆ ಬದಲಾಗುವ ಈ ಏರ್ಪಾಡು ವಿಚಿತ್ರವೆನಿಸಲಾರದು. ಆಸ್ತಿಯ ಹಕ್ಕು ರಕ್ತಸಂಬಂಧದ ಮೇಲೆ ನಿಂತಿದ್ದ ಆ ಸಮಾಜದಲ್ಲಿ ಹೆಸರು ಹೇಳಿದರೆ ವಂಶಾವಳಿಯನ್ನೇ ಹೇಳಿದಂತೆ ಆಗುತ್ತಿತ್ತು.

ಇಂಗ್ಲೆಂಡಿನ ನ್ಯಾಯಾಲಯಗಳು, ತೆರಿಗೆ, ಇಂಗ್ಲಿಷ್ ರೀತಿಯ ಆಸ್ತಿ ಹಕ್ಕು ಬಂದಮೇಲೆ ಕಾಯಂ ಹೆಸರು ಇಟ್ಟುಕೊಳ್ಳುವುದು ಅನಿವಾರ್ಯವಾಯಿತು. ಬಹುಪಾಲು ಜನ ಆ ಹೊತ್ತಿಗೆ ತಮಗಿದ್ದ ತಂದೆಯ ಹೆಸರನ್ನೇ ಹಿಡಿದು ನಿಲ್ಲಿಸಿದರು. ಆಪ್ ಹವೆಲ್ ಎಂಬುದು ಪವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು, ಆಬ್ ಓವೆನ್ ಬೋವೆನ್ ಆಯಿತು, ಆಪ್ ಹ್ಯಾರಿ ಪ್ಯಾರಿ ಆಯಿತು. ಜಾನನ ಮಗ ಜೋನ್ಸ್ ಆದ. ಬಳಕೆಯಲ್ಲಿದ್ದ ಗಂಡು ಹೆಸರುಗಳೇ ಕಡಿಮೆ ಇದ್ದುದರಿಂದ ಒಂದಕ್ಕೊಂದು ಸಂಬಂಧವೇ ಇಲ್ಲದ ಸಾವಿರಾರು ಕುಟುಂಬಗಳು ಒಂದೇ ಅಡ್ಡಹೆಸರಿನಡಿ ಬಂದು ಸೇರಿದವು. ಇನ್ನು ಕೆಲವರು ಲಾಯ್ಡ್, ವಾನ್, ಗಾಫ್ ಎಂಬಂಥ ಹೆಸರು ಹಿಡಿದರು. ಇವು ಕೂದಲ ಬಣ್ಣ, ವಯಸ್ಸು, ಮೈಕಟ್ಟು ನೋಡಿ ಕರೆದ ಮಾತುಗಳು.

ಊರ ಹೆಸರನ್ನು ಅಡ್ಡಹೆಸರು ಮಾಡಿಕೊಂಡವರು ಇವರೆಲ್ಲರಿಗಿಂತ ಕಡಿಮೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ರೈತನೂ ತಾನು ಬಂದ ಊರಿನ ಹೆಸರಿನಿಂದ ಗುರುತಾಗುತ್ತಿದ್ದ, ವೇಲ್ಸ್‌ನಲ್ಲಿ ಹಾಗಾಗಲಿಲ್ಲ. ಇಲ್ಲಿ ಈ ದಾರಿ ಹಿಡಿದವರು ಬಹುತೇಕ ಎಸ್ಟೇಟಿನ ಒಡೆಯರು. ಮಾಸ್ಟಿನ್, ನ್ಯಾನಿ, ಪೆನಂಟ್, ಟ್ರೆವರ್ ಇವೆಲ್ಲ ಅದೇ ಸಾಲಿನವು. ಹತ್ತಾರು ಪೀಳಿಗೆಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ ಮಾಸ್ಟಿನ್ ಮನೆಯ ಯಜಮಾನನಿಗೆ ಬೇಸತ್ತ ಅಧಿಕಾರಿಯೊಬ್ಬ 'ನಿಮ್ಮ ಮನೆಯ ಹೆಸರಿನಿಂದಲೇ ಕರೆಸಿಕೊಳ್ಳಿ' ಎಂದನಂತೆ ಎಂಬ ಕಥೆ ಜನಪ್ರಿಯ. ಅದು ನಡೆಯಿತೋ ಇಲ್ಲವೋ, ಕಾಲದ ಸ್ವಭಾವವನ್ನಂತೂ ಚೆನ್ನಾಗಿ ಹೇಳುತ್ತದೆ. ಒಂದು ಸೀಮೆಯ ಹೆಸರನ್ನು ಒಂದೇ ಮನೆತನ ಹಿಡಿದುಕೊಂಡಾಗ ಆ ಹೆಸರು ಆ ಮನೆತನದ ಗಂಡುಸಂತತಿ ಎಷ್ಟು ಬೆಳೆಯಿತೋ ಅಷ್ಟೇ ಬೆಳೆಯುತ್ತದೆ. ಯೇಲ್ ಅಪರೂಪವಾಗಿ ಉಳಿದದ್ದು ಈ ಕಾರಣಕ್ಕೆ.

ಪ್ರಶ್ನೆ: ಮೊದಲು ಈ ಹೆಸರನ್ನು ಇಟ್ಟುಕೊಂಡವರು ಯಾರು?

ಬ್ರಿನೆಗ್ಲುಯಿಸ್ ಎಂಬ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರಸೀಮೆ)‌ನಲ್ಲಿರುವ ಪ್ಲಾಸ್ ಅನ್ ಯಾಲ್ ಎಂಬ ಮನೆಯ ಒಡೆಯರು. ಹೆಸರಿನ ಅರ್ಥವೇ 'ಯಾಲ್ ಸೀಮೆಯ ದೊಡ್ಡಮನೆ' ಎಂದು. ಆಸ್ತಿ ಈ ಕುಟುಂಬಕ್ಕೆ ಬಂದದ್ದು ಮದುವೆಯ ಮೂಲಕ: ಮೆರಿಯೊನೆತ್ ಕಡೆಯ ಕೊರ್ಸಿಗೆಡೋಲ್ ಮನೆತನದ ಎಲ್ಲಿಸ್ ಆಪ್ ಗ್ರಿಫಿಡ್ ಎಂಬಾತ 15ನೇ ಶತಮಾನದಲ್ಲಿ ಈ ಮನೆಯ ವಾರಸುದಾರಳನ್ನು ಮದುವೆಯಾದ. ಅಂದರೆ ಹೆಸರು ಕೊಟ್ಟ ನೆಲ ಹೆಣ್ಣಿನ ಕಡೆಯದು, ಹೆಸರು ಹೊತ್ತ ವಂಶ ಗಂಡಿನ ಕಡೆಯದು. ವಂಶಾವಳಿ ಬರೆಯುವವರು ಈ ಒಂದು ಸಂಗತಿಯನ್ನು ಮರೆತು ಯೇಲ್ ಮನೆತನವನ್ನು ಯಾಲ್ ಸೀಮೆಯ ಹಳೆಯ ಅರಸರ ನೇರ ಗಂಡುಸಂತತಿ ಎಂದು ಬರೆದುಬಿಡುವುದುಂಟು.

16ನೇ ಶತಮಾನದ ನಡುವಿನ ಹೊತ್ತಿಗೆ ಯೇಲ್ ಎಂಬುದು ಕಾಯಂ ಅಡ್ಡಹೆಸರಾಗಿ ಕಾಣತೊಡಗುತ್ತದೆ. ಆ ಪೀಳಿಗೆಯಲ್ಲಿ ಹೆಸರು ಮಾಡಿದವನು ಡಾಕ್ಟರ್ ಥಾಮಸ್ ಯೇಲ್. ಕೇಂಬ್ರಿಡ್ಜ್‌ನಲ್ಲಿ ಓದಿ ಕಾನೂನುತಜ್ಞನಾದ ಈತ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್‌ಗೆ ಚಾನ್ಸಲರ್ (ಚರ್ಚಿನ ಕಾನೂನು ಅಧಿಕಾರಿ) ಆಗಿ ಕೆಲಸ ಮಾಡಿ 1577ರಲ್ಲಿ ತೀರಿಕೊಂಡ. ಇಂಥ ಹುದ್ದೆಗೆ ಹೋದವನು 'ಆಪ್, ಆಪ್' ಎಂದು ಸರಪಳಿಯಾಗಿ ಹೇಳಿಕೊಳ್ಳುವುದು ಸಾಧ್ಯವಿರಲಿಲ್ಲ. ಲಂಡನ್ನಿನ ಕಾಗದಪತ್ರಗಳಿಗೆ ಒಂದೇ ಪದದ ಹೆಸರು ಬೇಕಿತ್ತು. ಮಲೆಸೀಮೆಯ ಮನೆಯಲ್ಲಿ ಹುಟ್ಟಿದ ಹೆಸರನ್ನು ಗಟ್ಟಿ ಮಾಡಿದ್ದು ಇಂಗ್ಲೆಂಡಿನ ವಿಶ್ವವಿದ್ಯಾಲಯ ಮತ್ತು ಚರ್ಚಿನ ನ್ಯಾಯಾಲಯಗಳೇ ಎಂಬುದು ನನ್ನ ಅಭಿಪ್ರಾಯ. ಬ್ರಿನೆಗ್ಲುಯಿಸ್‌ನ ಹಳೆಯ ಚರ್ಚಿನಲ್ಲಿ 16ನೇ ಶತಮಾನದಲ್ಲಿ ಕಟ್ಟಿದ ಯೇಲ್ ಉಪಮಂದಿರ ಈಗಲೂ ಇದೆ.

ಪ್ರಶ್ನೆ: ಈ ಮನೆತನ ಐರ್ಲೆಂಡ್‌ನಿಂದ ಬಂದದ್ದು ಎನ್ನುವುದು ನಿಜವೇ? ಓವೈನ್ ಗ್ಲಿನ್‌ಡೂರ್‌ನ ಸಂಬಂಧಿಕರೂ ಹೌದೇ?

ಗಂಡುಮೂಲ ಐರ್ಲೆಂಡಿನದು ಎಂಬುದು ಬಹಳ ಹಿಂದಿನಿಂದ ಬಂದ ನಂಬಿಕೆ. ಕೊರ್ಸಿಗೆಡೋಲ್ ಮನೆತನದವರು ತಮ್ಮ ಮೂಲಪುರುಷ ಎಂದು ಹೇಳುವುದು 13ನೇ ಶತಮಾನದಲ್ಲಿ ಐರ್ಲೆಂಡಿನಿಂದ ಬಂದು ಮೆರಿಯೊನೆತ್ ಕರಾವಳಿಯಲ್ಲಿ ನೆಲೆಸಿದ ಓಸ್ಬರ್ನ್ ಎಂಬಾತನನ್ನು. ಅವನನ್ನು 'ಗ್ವಿಡೆಲ್', ಅಂದರೆ ಐರ್ಲೆಂಡಿನವನು, ಎಂದೇ ಕರೆಯುತ್ತಿದ್ದರು. ಆತ ಐರ್ಲೆಂಡಿನ ಪ್ರಬಲ ಫಿಟ್ಸ್‌ಜೆರಾಲ್ಡ್ ಕುಲಕ್ಕೆ ಸೇರಿದವನು ಎನ್ನುವ ಭಾಗ ಸಂಪ್ರದಾಯದ್ದೆಂದು ತಿಳಿದು ಓದಬೇಕು.

ಗ್ಲಿನ್‌ಡೂರ್‌ನ ನಂಟು ಇದಕ್ಕಿಂತ ಗಟ್ಟಿಯಾದದ್ದು. 1400ರಲ್ಲಿ ಇಂಗ್ಲೆಂಡಿನ ವಿರುದ್ಧ ದಂಗೆಯೆದ್ದ ಓವೈನ್ ಗ್ಲಿನ್‌ಡೂರ್‌ನ ತಮ್ಮ ಟ್ಯೂಡರ್; ಅವನ ಮಗಳು ಲೌರಿ ಕೊರ್ಸಿಗೆಡೋಲ್ ಮನೆಗೆ ಸೊಸೆಯಾಗಿ ಬಂದಳು. ಅವಳ ಮಗನೇ ಮೇಲೆ ಹೇಳಿದ ಎಲ್ಲಿಸ್. ಹಾಗಾಗಿ ಯೇಲ್ ಮನೆಯವರು ಗ್ಲಿನ್‌ಡೂರ್‌ನ ತಮ್ಮನ ಸಂತಾನ. ಆದರೆ ಗ್ಲಿನ್‌ಡೂರ್‌ನ ಸಂತಾನವಲ್ಲ, ತಮ್ಮನ ಸಂತಾನವಾದರೂ ಹೆಣ್ಣಿನ ಕಡೆಯಿಂದ.

ಪ್ರಶ್ನೆ: ಬ್ರಿಟನ್ನಿನಲ್ಲಿ ಹೆಸರು ಎಲ್ಲೆಲ್ಲಿ ಹರಡಿತು?

ಮೊದಲ ಹೆಜ್ಜೆ ಬೆಟ್ಟದಿಂದ ತಗ್ಗಿಗೆ. ಮನೆತನದ ಒಂದು ಕವಲು ರೆಕ್ಸಮ್‌ನ ಹತ್ತಿರದ ಪ್ಲಾಸ್ ಗ್ರೋನೋ ಎಂಬ ಮನೆಗೆ ಬಂದಿತು. ಈ ಮನೆಯನ್ನು ಕೊಂಡ ಡೇವಿಡ್ ಯೇಲ್ ಚೆಸ್ಟರ್ ಡಯಾಸಿಸಿನ (ಬಿಷಪ್ಪನ ಆಡಳಿತಕ್ಕೆ ಸೇರಿದ ಪ್ರದೇಶದ) ಚಾನ್ಸಲರ್ ಆಗಿದ್ದು 1626ರಲ್ಲಿ ತೀರಿಕೊಂಡ. ಅವನ ಮಗ ಥಾಮಸ್ ಚೆಸ್ಟರ್‌ನ ಬಿಷಪ್ ಜಾರ್ಜ್ ಲಾಯ್ಡ್‌ನ ಮಗಳು ಆ್ಯನ್ ಎಂಬವಳನ್ನು ಮದುವೆಯಾದ. ಚೆಸ್ಟರ್, ರೆಕ್ಸಮ್, ಗಡಿಯಾಚೆಯ ಶ್ರಾಪ್‌ಶೈರ್, ಕೊನೆಗೆ ಲಂಡನ್: ಗಡಿಸೀಮೆಯ ವೆಲ್ಷ್ ಜನ ಹೋದ ಸಹಜವಾದ ದಾರಿ ಇದೇ, ಯೇಲ್ ಕುಟುಂಬವೂ ಇದರಲ್ಲೇ ನಡೆಯಿತು. ಪ್ಲಾಸ್ ಗ್ರೋನೋ ಮನೆಯನ್ನು 19ನೇ ಶತಮಾನದಲ್ಲಿ ಕೆಡವಿದರು. ಅದಿದ್ದ ಜಾಗ ಎರ್ಡಿಗ್ ಎಸ್ಟೇಟಿಗೆ ಸೇರಿತ್ತು.

ಮೂಲಮನೆಯ ಕಥೆ ಬೇರೆ. ಅಲ್ಲಿ ಗಂಡುಸಂತತಿ ನಿಂತುಹೋದ ಮೇಲೆ ಆಸ್ತಿ ಬೇರೆ ಅಡ್ಡಹೆಸರಿನ ಬಂಧುಗಳಿಗೆ ಹೋಯಿತು. 19ನೇ ಶತಮಾನದಲ್ಲಿ ಅವರು ಯೇಲ್ ಎಂಬ ಹೆಸರನ್ನೂ ಸೇರಿಸಿಕೊಂಡರು. ಬ್ರಿಟನ್ನಿನ ಭೂಮಾಲೀಕರಲ್ಲಿ ಇದು ಮಾಮೂಲಿ ವಾಡಿಕೆ: ಆಸ್ತಿ ಬೇಕಾದರೆ ಹೆಸರನ್ನೂ ಹೊರಬೇಕು. ಈ ಕಾರಣದಿಂದ ಒಂದೇ ಮನೆ, ಒಂದೇ ಹೆಸರು ಎಂದಮಾತ್ರಕ್ಕೆ ಒಂದೇ ರಕ್ತ ಎನ್ನುವಂತಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಈ ಹೆಸರಿನವರು ವೇಲ್ಸ್‌ಗಿಂತ ಹೆಚ್ಚಾಗಿ ಕಾಣುವುದೇಕೆ?

ಒಬ್ಬ ವಿಧವೆಯ ಮರುಮದುವೆಯಿಂದ. ಮೇಲೆ ಹೇಳಿದ ಥಾಮಸ್ ಯೇಲ್ 1619ರಲ್ಲಿ ಸತ್ತ ಮೇಲೆ ಅವನ ಹೆಂಡತಿ ಆ್ಯನ್, ಥಿಯೋಫಿಲಸ್ ಈಟನ್ ಎಂಬ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪಂಥದ) ವ್ಯಾಪಾರಿಯನ್ನು ಮದುವೆಯಾದಳು. ಈಟನ್ ತನ್ನ ಸಂಸಾರವನ್ನೂ ಯೇಲ್ ಮಕ್ಕಳನ್ನೂ ಕರೆದುಕೊಂಡು 1637ರಲ್ಲಿ ಬಾಸ್ಟನ್ನಿಗೆ ಹೋದ. 1638ರಲ್ಲಿ ನ್ಯೂ ಹೇವನ್ ವಸಾಹತನ್ನು ಸ್ಥಾಪಿಸಿದವರಲ್ಲಿ ಒಬ್ಬನಾಗಿ ಅದರ ಮೊದಲ ಗವರ್ನರ್ ಆದ. ಆ್ಯನ್‌ಳ ಇಬ್ಬರು ಗಂಡುಮಕ್ಕಳಲ್ಲಿ ಡೇವಿಡ್ ಸ್ವಲ್ಪ ಕಾಲ ಬಾಸ್ಟನ್ನಿನಲ್ಲಿದ್ದು ಇಂಗ್ಲೆಂಡಿಗೆ ಹಿಂತಿರುಗಿದ. ಥಾಮಸ್ ಮಾತ್ರ ನ್ಯೂ ಹೇವನ್ ಸುತ್ತಲಲ್ಲೇ ಉಳಿದು 1683ರಲ್ಲಿ ತೀರಿಕೊಂಡ.

ಅಮೆರಿಕದ ಹಳೆಯ ಯೇಲ್ ಕುಟುಂಬಗಳ ಮೂಲಪುರುಷ ಈ ಥಾಮಸ್. ಅವನ ಸಂತತಿ ಕನೆಟಿಕಟ್‌ನ ನಾರ್ತ್ ಹೇವನ್, ವಾಲಿಂಗ್‌ಫರ್ಡ್, ಮೆರಿಡನ್ ಕಡೆ ಬೆಳೆದು, ಅಲ್ಲಿಂದ ವರ್ಮಾಂಟ್, ನ್ಯೂಯಾರ್ಕ್ ರಾಜ್ಯಗಳಿಗೆ, ಮುಂದೆ ಪಶ್ಚಿಮಕ್ಕೆ ಹರಡಿತು. ನೆಲ ಹೇರಳವಾಗಿದ್ದು ಮಕ್ಕಳು ಬದುಕಿ ಉಳಿದ ಆ ವಸಾಹತಿನಲ್ಲಿ ಒಬ್ಬನ ಸಂತತಿ ಮೂರು ಶತಮಾನಗಳಲ್ಲಿ ಎಷ್ಟಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ. 1908ರಲ್ಲೇ ಈ ಅಮೆರಿಕನ್ ಕುಟುಂಬದ ದಪ್ಪನೆಯ ವಂಶಾವಳಿ ಗ್ರಂಥ ಅಚ್ಚಾಗಿತ್ತು. ಅದರಲ್ಲಿ ಅಮೆರಿಕದ ಭಾಗ ಹೆಚ್ಚು ಉಪಯುಕ್ತ; ವೇಲ್ಸ್‌ನ ಮಧ್ಯಯುಗದ ಭಾಗವನ್ನು ಬೇರೆ ದಾಖಲೆಗಳೊಂದಿಗೆ ಹೋಲಿಸದೆ ಒಪ್ಪಬಾರದು.

ಪ್ರಶ್ನೆ: ಯೇಲ್ ಹೆಸರಿನವರೆಲ್ಲ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಇಲೈಹು ಯೇಲ್‌ನ ವಂಶಸ್ಥರೇ?

ಅಲ್ಲ. ಇಲೈಹು ಯೇಲ್‌ನ ಮಗ ಡೇವಿಡ್ ಕೂಸಾಗಿದ್ದಾಗಲೇ ತೀರಿಕೊಂಡ. ದೊಡ್ಡವರಾಗಿ ಬಾಳಿದ್ದು ಕ್ಯಾಥರೀನ್, ಆ್ಯನ್, ಅರ್ಸುಲಾ ಎಂಬ ಮೂವರು ಹೆಣ್ಣುಮಕ್ಕಳು. ಕ್ಯಾಥರೀನ್ ನಾರ್ತ್ ಮನೆತನಕ್ಕೂ ಆ್ಯನ್ ಕ್ಯಾವೆಂಡಿಶ್ ಮನೆತನಕ್ಕೂ ಮದುವೆಯಾಗಿ ಹೋದರು, ಅರ್ಸುಲಾ ಮದುವೆಯಾಗಲಿಲ್ಲ. ಆದ್ದರಿಂದ ಇಲೈಹುವಿನಿಂದ ಯೇಲ್ ಎಂಬ ಅಡ್ಡಹೆಸರು ಮುಂದುವರಿಯಲೇ ಇಲ್ಲ. ಅಮೆರಿಕದ ಯೇಲ್‌ಗಳಿಗೆ ಇಲೈಹು ಆಗಬೇಕಾದದ್ದು ಮೂಲಪುರುಷನಲ್ಲ, ಮೂಲಪುರುಷ ಥಾಮಸ್‌ನ ಸಹೋದರ ಡೇವಿಡ್‌ನ ಮಗ. ಅಂತರ್ಜಾಲದಲ್ಲಿ ಹರಿದಾಡುವ ಎಷ್ಟೋ ವಂಶವೃಕ್ಷಗಳಲ್ಲಿ ಈ ಒಂದು ತಪ್ಪು ಕಾಣುತ್ತದೆ. ಹೆಸರಾಂತ ವ್ಯಕ್ತಿಯನ್ನು ಬುಡದಲ್ಲಿ ನಿಲ್ಲಿಸುವ ಆಸೆಯೇ ಅದಕ್ಕೆ ಕಾರಣ.

ಪ್ರಶ್ನೆ: ಹಾಗಾದರೆ ಇಲೈಹು ಯೇಲ್‌ಗೂ ದಕ್ಷಿಣ ಭಾರತಕ್ಕೂ ಏನು ಸಂಬಂಧ?

ಹೆಸರನ್ನು ಜಗತ್ತಿಗೆ ಪರಿಚಯಿಸಿದ ಹಣ ಬಂದದ್ದು ಮದ್ರಾಸಿನಿಂದ. 1649ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಲಂಡನ್ನಿಗೆ ಬಂದ ಈತ ಮತ್ತೆ ಎಂದೂ ಅಮೆರಿಕದ ನೆಲ ತುಳಿಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ 1672ರಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಗೆ ಬಂದು, ಹಂತಹಂತವಾಗಿ ಮೇಲೇರಿ, 1687ರಿಂದ 1692ರವರೆಗೆ ಅಲ್ಲಿನ ಗವರ್ನರ್ ಆಗಿದ್ದ. ಮದ್ರಾಸ್ ನಗರಸಭೆ 1688ರಲ್ಲಿ ಆರಂಭವಾದದ್ದೂ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯನ್ನು 1690ರಲ್ಲಿ ಮರಾಠರಿಂದ ಕೊಂಡದ್ದೂ ಆತನ ಕಾಲದಲ್ಲೇ. ವೇಲ್ಸ್‌ನ ರಕ್ಷಕ ಸಂತನ ಹೆಸರೂ ಡೇವಿಡ್ ಎಂಬುದನ್ನು ಇಲ್ಲಿ ನೆನೆಯಬಹುದು.

ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚ್ 1680ರ ಅಕ್ಟೋಬರ್‌ನಲ್ಲಿ ಪ್ರತಿಷ್ಠಾಪನೆಯಾಯಿತು. ಮರುತಿಂಗಳೇ ಅಲ್ಲಿ ನಡೆದ, ಆ ಚರ್ಚಿನ ದಾಖಲೆಪುಸ್ತಕದ ಮೊದಲ ಮದುವೆ ಇಲೈಹು ಯೇಲ್‌ನದು. ವಧು ಕ್ಯಾಥರೀನ್ ಹಿನ್ಮರ್ಸ್ ಎಂಬ ವಿಧವೆ. ಆಕೆಯ ಮೊದಲ ಗಂಡ ಜೋಸೆಫ್ ಹಿನ್ಮರ್ಸ್ ಮತ್ತು ಇಲೈಹುವಿನ ಕೂಸು ಡೇವಿಡ್ ಇಬ್ಬರ ಸಮಾಧಿಯೂ ಒಂದೇ ಸ್ಮಾರಕದಲ್ಲಿದ್ದು, ಅದು ಚೆನ್ನೈನ ಹೈಕೋರ್ಟ್ ಆವರಣದಲ್ಲಿದೆ. ಯೇಲ್ ಎಂಬ ಹೆಸರು ಕಲ್ಲಿನ ಮೇಲೆ ನಮಗೆ ಅತಿ ಹತ್ತಿರದಲ್ಲಿ ಸಿಗುವ ಜಾಗ ಇದೇ.

ಆತನ ಸಂಪತ್ತಿನ ಮೂಲವನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಕಂಪನಿಯ ಕೆಲಸದ ಜೊತೆಗೆ ವಜ್ರ ಮತ್ತು ಬಟ್ಟೆಯ ಸ್ವಂತ ವ್ಯಾಪಾರ ನಡೆಸಿದ. ಸ್ವಂತ ಲಾಭಕ್ಕೆ ಅಧಿಕಾರ ಬಳಸಿದ ಆರೋಪದ ಮೇಲೆ ಹುದ್ದೆ ಕಳೆದುಕೊಂಡ. ಆತ ಅಧ್ಯಕ್ಷನಾಗಿದ್ದ ಕೌನ್ಸಿಲ್ ಗುಲಾಮರನ್ನು ಹಡಗುಗಳಲ್ಲಿ ಕಳುಹಿಸಲು ಆದೇಶಿಸಿದ ದಾಖಲೆಗಳೂ ಇವೆ. 1699ರಲ್ಲಿ ಬ್ರಿಟನ್ನಿಗೆ ಮರಳಿ, ಪ್ಲಾಸ್ ಗ್ರೋನೋದಲ್ಲೂ ಲಂಡನ್ನಿನಲ್ಲೂ ಬಾಳಿ, 1721ರಲ್ಲಿ ಸತ್ತಾಗ ಅವನನ್ನು ರೆಕ್ಸಮ್‌ನ ಸೇಂಟ್ ಜೈಲ್ಸ್ ಚರ್ಚಿನ ಅಂಗಳದಲ್ಲಿ ಹೂಳಿದರು. ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಯೂರೋಪಿನಲ್ಲಿ, ಮದುವೆಯಾದದ್ದು ಏಷ್ಯಾದಲ್ಲಿ ಎಂದು ಸಮಾಧಿಯ ಪದ್ಯ ಹೇಳುತ್ತದೆ. ಒಳಿತು ಬಹಳ, ಕೆಡುಕು ಕೊಂಚ ಮಾಡಿದ ಎಂದು ಲೆಕ್ಕ ಸರಿದೂಗಿಸಲೂ ನೋಡುತ್ತದೆ.

ಪ್ರಶ್ನೆ: ವಿಶ್ವವಿದ್ಯಾಲಯಕ್ಕೆ ಆ ಹೆಸರು ಬಂದದ್ದು ಹೇಗೆ?

ನ್ಯೂ ಹೇವನ್‌ನಲ್ಲಿ ಕಟ್ಟಡ ಕಟ್ಟುತ್ತಿದ್ದ ಕನೆಟಿಕಟ್‌ನ ಚಿಕ್ಕ ಕಾಲೇಜೊಂದು ಸಹಾಯ ಕೇಳಿದಾಗ ಇಲೈಹು 1718ರಲ್ಲಿ ಒಂಬತ್ತು ಮೂಟೆ ಸರಕು, 417 ಪುಸ್ತಕ ಮತ್ತು ದೊರೆ ಒಂದನೆಯ ಜಾರ್ಜ್‌ನ ಚಿತ್ರವನ್ನು ಕಳುಹಿಸಿದ. ಸರಕು ಮಾರಿ ಬಂದದ್ದು 562 ಪೌಂಡ್. ಅದೇ ವರ್ಷ ಕಾಲೇಜಿಗೆ ಅವನ ಹೆಸರಿಟ್ಟರು. ಇಷ್ಟು ಕಡಿಮೆ ಬೆಲೆಗೆ ಇಷ್ಟು ದೀರ್ಘಕಾಲದ ಕೀರ್ತಿ ಕೊಂಡವರು ವಿರಳ. ವಿಶ್ವವಿದ್ಯಾಲಯದ ಆವರಣದಲ್ಲಿ ರೆಕ್ಸಮ್ ಹೆಸರಿನದೇ ಒಂದು ಗೋಪುರವಿದ್ದು, ಅದರ ಮಾದರಿ ಸೇಂಟ್ ಜೈಲ್ಸ್ ಚರ್ಚಿನ ಗೋಪುರ.

ಪ್ರಶ್ನೆ: ಯೇಲ್ ಬೀಗಕ್ಕೂ ಇದೇ ಮನೆತನಕ್ಕೂ ಸಂಬಂಧವಿದೆಯೇ?

ಇದೆ, ಕನೆಟಿಕಟ್ ಕವಲಿನ ಮೂಲಕ. ಲೈನಸ್ ಯೇಲ್ ಎಂಬ ತಂದೆ ಮತ್ತು ಅದೇ ಹೆಸರಿನ ಮಗ ಇಬ್ಬರೂ ಬೀಗ ಮಾಡುವವರು. 1821ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಮಗ, ಚಪ್ಪಟೆ ಕೀಲಿಕೈ ಹಾಕಿ ತಿರುಗಿಸುವ ಸಿಲಿಂಡರ್ ಬೀಗಕ್ಕೆ 1860ರ ದಶಕದಲ್ಲಿ ಪೇಟೆಂಟ್ ಪಡೆದ. 1868ರಲ್ಲಿ ಹೆನ್ರಿ ಟೌನ್ ಜೊತೆ ಸೇರಿ ಸ್ಟ್ಯಾಮ್‌ಫರ್ಡ್‌ನಲ್ಲಿ ಕಾರ್ಖಾನೆ ಆರಂಭಿಸಿ ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡ.

ಪ್ರಶ್ನೆ: ಕೆನಡಾದ ಯೇಲ್ ಊರು?

ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ನದಿಯ ದಂಡೆಯಲ್ಲಿ ಹಡ್ಸನ್ಸ್ ಬೇ ಕಂಪನಿ 1848ರಲ್ಲಿ ಹಾಕಿದ ಠಾಣ್ಯಕ್ಕೆ ಅದರ ಅಧಿಕಾರಿ ಜೇಮ್ಸ್ ಮರ್ರೆ ಯೇಲ್‌ನ ಹೆಸರಿಟ್ಟರು. 1858ರ ಚಿನ್ನದ ಬೇಟೆಯಲ್ಲಿ ಅದು ದೊಡ್ಡ ಪೇಟೆಯಾಯಿತು. ರೈಲ್ವೆ ಕೆಲಸಗಾರರು ಮುಂದೆ ಅಲ್ಲಿಂದ ವ್ಯಾಂಕೂವರ್‌ಗೆ ಬಂದು ನೆಲೆಸಿದ ಭಾಗವೇ ಇಂದಿನ ಯೇಲ್‌ಟೌನ್. ಹೀಗೆ ಸೀಮೆಯ ಹೆಸರು ಮನುಷ್ಯನ ಹೆಸರಾಗಿ, ಮತ್ತೆ ಊರಿನ ಹೆಸರಾಗಿ, ಕೊನೆಗೆ ಬಡಾವಣೆಯ ಹೆಸರಾಯಿತು.

ಪ್ರಶ್ನೆ: ಯೇಲ್ ಎಂಬ ಅಡ್ಡಹೆಸರು ಇದ್ದರೆ ವೇಲ್ಸ್ ಮೂಲ ಖಚಿತವೇ?

ಬ್ರಿಟನ್ನಿನ ಹಳೆಯ ದಾಖಲೆಗಳಲ್ಲಿ ಬಹುತೇಕ ಹೌದು. ಅಮೆರಿಕದಲ್ಲಿ ಹಾಗೆ ಹೇಳಲಾಗದು. ವಲಸೆ ಬಂದವರು ತಮ್ಮ ಹೆಸರನ್ನು ಇಂಗ್ಲಿಷ್ ಕಿವಿಗೆ ಒಗ್ಗುವಂತೆ ಬದಲಿಸಿಕೊಳ್ಳುತ್ತಿದ್ದ ದೇಶ ಅದು. 1920ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ಕುಖ್ಯಾತನಾಗಿದ್ದ ಫ್ರ್ಯಾಂಕಿ ಯೇಲ್ ಎಂಬ ಪಾತಕಿ ಇಟಲಿಯ ಕಲಾಬ್ರಿಯಾದಲ್ಲಿ ಹುಟ್ಟಿದವನು, ಅವನ ಮನೆತನದ ನಿಜ ಹೆಸರು ಯೊಯೆಲೆ.

ಪ್ರಶ್ನೆ: ಲಾಂಛನಗಳಲ್ಲಿ ಬರುವ 'ಯೇಲ್' ಎಂಬ ಕೊಂಬಿನ ಪ್ರಾಣಿ?

ಅದಕ್ಕೂ ಮನೆತನದ ಹೆಸರಿಗೂ ಹುಟ್ಟಿನ ಸಂಬಂಧವಿಲ್ಲ. ಪ್ರಾಚೀನ ರೋಮಿನ ಲೇಖಕ ಪ್ಲಿನಿಯ ಕಾಲದಿಂದ ಲ್ಯಾಟಿನ್ ಬರಹಗಳಲ್ಲಿ ಬರುವ ಕಾಲ್ಪನಿಕ ಮೃಗ ಅದು. ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಮತ್ತು ಸೇಂಟ್ ಜಾನ್ಸ್ ಕಾಲೇಜುಗಳ ಹೆಬ್ಬಾಗಿಲ ಮೇಲೆ ನೋಡಬಹುದು.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಏನು ತಿಳಿಯುತ್ತದೆ?

ಇಂಥ ಅಪರೂಪದ, ಒಂದೇ ಬೇರಿನ ಹೆಸರಿಗೆ ಗಂಡಿನಿಂದ ಗಂಡಿಗೆ ಇಳಿಯುವ ವೈ ವರ್ಣತಂತುವಿನ ಪರೀಕ್ಷೆ ಜೋನ್ಸ್‌ನಂಥ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಹೋಲಿಕೆ ನೋಡುವಾಗ ಯೇಲ್‌ಗಳನ್ನು ಮಾತ್ರ ನೋಡಿದರೆ ಸಾಲದು. ಅಡ್ಡಹೆಸರು ಗಟ್ಟಿಯಾಗುವ ಮೊದಲೇ ಕವಲೊಡೆದ ಕೊರ್ಸಿಗೆಡೋಲ್‌ನ ವಾನ್ ಮನೆತನಕ್ಕೂ ಗಂಡುಮೂಲ ಒಂದೇ ಎಂದು ವಂಶಾವಳಿಗಳು ಹೇಳುವುದರಿಂದ, ಬೇರೆ ಅಡ್ಡಹೆಸರಿನವರೊಡನೆ ಹೊಂದಾಣಿಕೆ ಕಂಡುಬಂದರೆ ಆಶ್ಚರ್ಯಪಡಬೇಕಿಲ್ಲ. ಆಸ್ತಿಗಾಗಿ ಹೆಸರು ತೆಗೆದುಕೊಂಡವರ ಸಂತತಿಯಲ್ಲಿ ಹೊಂದಾಣಿಕೆ ಸಿಗುವುದೇ ಇಲ್ಲ, ಅದೂ ಸಹಜ.

ಪ್ರಶ್ನೆ: ವೇಲ್ಸ್‌ನ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಈಗಿನಿಂದ ಹಿಂದಕ್ಕೆ ನಡೆಯಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈನಲ್ಲಿ ಆರಂಭವಾಯಿತು. ಹೆಸರುಗಳಿರುವ ಜನಗಣತಿ ಪಟ್ಟಿಗಳು 1841ರಿಂದ 1921ರವರೆಗೆ ಸಾರ್ವಜನಿಕರಿಗೆ ಸಿಗುತ್ತವೆ. 1931ರ ಪಟ್ಟಿ ಬೆಂಕಿಯಲ್ಲಿ ನಾಶವಾದ್ದರಿಂದ ಆ ಕಾಲಕ್ಕೆ 1939ರ ರಿಜಿಸ್ಟರನ್ನು ನೋಡುತ್ತಾರೆ. ಅದಕ್ಕೂ ಹಿಂದಕ್ಕೆ ಪ್ಯಾರಿಷ್ ಪುಸ್ತಕಗಳೇ ಗತಿ. ಅವುಗಳನ್ನು ಇಡಬೇಕೆಂಬ ಆಜ್ಞೆ 1538ರದಾದರೂ ವೇಲ್ಸ್‌ನ ಬಹಳಷ್ಟು ಊರುಗಳಲ್ಲಿ ಉಳಿದಿರುವುದು ಅದಕ್ಕಿಂತ ತಡವಾದ ಪುಸ್ತಕಗಳು. ಡೆನ್ಬಿಶೈರ್‌ನ ಕಾಗದಪತ್ರಗಳಿಗೆ ಈಶಾನ್ಯ ವೇಲ್ಸ್ ಪತ್ರಾಗಾರವನ್ನು ಕೇಳಬೇಕು. 1858ಕ್ಕೆ ಹಿಂದಿನ ಉಯಿಲುಗಳನ್ನು ಚರ್ಚಿನ ನ್ಯಾಯಾಲಯಗಳು, ಈ ಭಾಗದಲ್ಲಿ ಮುಖ್ಯವಾಗಿ ಸೇಂಟ್ ಆಸಫ್‌ನ ನ್ಯಾಯಾಲಯ, ದಾಖಲಿಸುತ್ತಿದ್ದವು. ಅವು ಈಗ ಅಬರಿಸ್ಟ್ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದು, ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು.

ಒಂದು ಎಚ್ಚರಿಕೆ: 16, 17ನೇ ಶತಮಾನಗಳಲ್ಲಿ ಒಬ್ಬನೇ ವ್ಯಕ್ತಿ ಒಂದು ಕಾಗದದಲ್ಲಿ 'ಯೇಲ್' ಎಂದೂ ಇನ್ನೊಂದರಲ್ಲಿ 'ಆಪ್' ಸೇರಿಸಿ ತಂದೆಯ ಹೆಸರಿನಿಂದಲೂ ಕಾಣಿಸಬಹುದು. ಅಡ್ಡಹೆಸರನ್ನೇ ಹಿಡಿದು ಹುಡುಕಿದರೆ ಅರ್ಧ ಕುಟುಂಬ ಕೈತಪ್ಪುತ್ತದೆ. ಊರು, ಮನೆಯ ಹೆಸರು, ನೆರೆಹೊರೆಯ ಸಾಕ್ಷಿಗಳ ಹೆಸರು ಇವನ್ನು ಹಿಡಿದು ಹುಡುಕುವುದು ಲೇಸು.

ಪ್ರಶ್ನೆ: ಭಾರತದಲ್ಲಿದ್ದ ಯೇಲ್‌ಗಳ ದಾಖಲೆ ಎಲ್ಲಿ ಸಿಗುತ್ತದೆ?

ಮದ್ರಾಸ್ ಪ್ರಾಂತದ ಯೂರೋಪಿಯನ್ನರ ನಾಮಕರಣ, ಮದುವೆ, ಶವಸಂಸ್ಕಾರದ ಪಟ್ಟಿಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಕೌನ್ಸಿಲ್‌ನ ದಿನಚರಿ ಮತ್ತು ಪತ್ರವ್ಯವಹಾರದ ಬಹುಭಾಗವನ್ನು ಮದ್ರಾಸ್ ಸರ್ಕಾರ 20ನೇ ಶತಮಾನದಲ್ಲಿ ಅಚ್ಚು ಹಾಕಿಸಿದ್ದು, ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ನೋಡಬಹುದು. ಅಲ್ಲಿ ಹುಡುಕುವಾಗ ಇಲೈಹುವಿನ ತಮ್ಮ ಥಾಮಸ್ ಯೇಲ್ ಕೂಡ ಪೂರ್ವದೇಶಗಳ ವ್ಯಾಪಾರದಲ್ಲಿ ತೊಡಗಿದ್ದ ಎಂಬುದು ನೆನಪಿರಲಿ. ಆರ್ಚ್‌ಬಿಷಪ್‌ನ ಚಾನ್ಸಲರ್, ಆ್ಯನ್‌ಳ ಗಂಡ, ನ್ಯೂ ಹೇವನ್‌ನ ಮೂಲಪುರುಷ, ಈ ವ್ಯಾಪಾರಿ: ನಾಲ್ವರೂ ಥಾಮಸ್ ಯೇಲ್‌ಗಳೇ ಆಗಿರುವುದರಿಂದ, ಇಸವಿಯನ್ನೂ ಊರನ್ನೂ ನೋಡದೆ ಯಾವ ಥಾಮಸನನ್ನೂ ವಂಶವೃಕ್ಷಕ್ಕೆ ಸೇರಿಸಬೇಡಿ.